ಅಟ್ಟದ ಮೇಲೆ ಯಾರೂ ಇರಲಿಲ್ಲ

ಏಜೆಂಟ್ ಬಾಗಿಲು ತೆರೆದ ಕೂಡಲೇ ಹೊಸ ಬಣ್ಣದ ವಾಸನೆ ಮುಖಕ್ಕೆ ಹೊಡೆಯಿತು. ಅದರ ಅಡಿಯಲ್ಲಿ, ಬಿಸಿಲಿಗೆ ಕಾದ ಹಳೇ ಹಲಗೆಗಳೊಳಗಿಂದ, ಹೊಲಿಗೆ ಮಶಿನ್ನಿನ ಎಣ್ಣೆಯ ವಾಸನೆ ಇನ್ನೂ ಬರುತ್ತಿತ್ತು. ಇಪ್ಪತ್ತೆಂಟು ವರ್ಷವಾದರೂ ಹೋಗಿರಲಿಲ್ಲ. 

ಪಣಜಿಯ ಹಳೇ ಓಣಿ ಅದು. ಈಗ ಪ್ರವಾಸಿಗರು ಹಳದಿ, ನೀಲಿ ಗೋಡೆಗಳಿಗೆ ಒರಗಿ ಫೋಟೊ ತೆಗೆಸಿಕೊಳ್ಳುವ ಓಣಿ. ಹಂಚಿನ ಕೆಳಗಿನ ಆ ಅಟ್ಟ ಈಗ 'ಲಾಫ್ಟ್ ಅಪಾರ್ಟ್‌ಮೆಂಟ್' ಎಂದು ಹೆಸರು ಬದಲಿಸಿಕೊಂಡು ಮಾರಾಟಕ್ಕೆ ಬಂದಿತ್ತು. ಜಾಹೀರಾತು ನೋಡಿದ ಮಗಳು ಫೋನಿನಲ್ಲೇ ಕೂಗಿದ್ದಳು: "ಅವ್ವಾ, ಮಾವಶಿ ಮನಿ ಮಾರಾಕ ಬಂದೈತಿ! ನಾ ತಗೋಬೇಕಂತ ಮಾಡೇನಿ." ಬೇಡ ಎಂದೆ. ಕೇಳಲಿಲ್ಲ. ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದಳು.

ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದವಳು ಮಗಳು. ನನ್ನ ಪಾಲಿಗೆ ಆಕೆ ಮೇಲಿನ ಟೇಲರ್ ಬಾಯಿ, ಅಷ್ಟೇ.

ನಾನು ಮದುವೆಯಾಗಿ ಧಾರವಾಡದಿಂದ ಆ ಮನೆಗೆ ಬಂದಾಗ ಆಕೆ ಅಟ್ಟದ ಮೇಲೆ ಹತ್ತು ವರ್ಷದಿಂದ ಇದ್ದಳು. ಕಾರವಾರದವಳು, ಒಬ್ಬಂಟಿ. ಕುಪ್ಪಸ, ಫ್ರಾಕು, ಶಾಲೆಯ ಯೂನಿಫಾರ್ಮು ಹೊಲಿಯುತ್ತಿದ್ದಳು. ಕೆಳಗಿನ ಎರಡು ಕೋಣೆಗಳಲ್ಲಿ ನಾವು. ನಡುವೆ ಇದ್ದದ್ದು ಒಂದು ಹಲಗೆಯ ನೆಲ. ಆಕೆಗೆ ನೆಲ, ನಮಗೆ ಅದೇ ಮಾಳಿಗೆ. ನಾನು ಬಂದ ಎರಡನೇ ದಿನವೇ ಆಕೆ ನೆಲ ಒರೆಸಿದ ನೀರು ಸಂದಿನಿಂದ ಇಳಿದು ನನ್ನ ದೇವರ ಜಗಲಿಯ ಮೇಲೆ ಬಿತ್ತು. ಹತ್ತಿ ಹೋಗಿ ಹೇಳಿದೆ. ಆಕೆ ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಎದುರಿಗೆ ಕೂತ ಗಿರಾಕಿಗೆ ಕೊಂಕಣಿಯಲ್ಲಿ ಏನೋ ಅಂದಳು. ನನಗೆ ತಿಳಿದದ್ದು ಒಂದೇ ಶಬ್ದ... ಘಾಂಟಿ. ಘಟ್ಟದ ಮೇಲಿನಿಂದ ಬಂದ ಕೂಲಿಯವರಿಗೆ ಇಲ್ಲಿಯವರು ಅನ್ನುವ ಮಾತು. ಘಟ್ಟದವಳಲ್ಲದಿದ್ದರೂ ಮನೆ ಮಾಲಕರು ಆಕೆಗೂ ಹಿಂದಿನಿಂದ ಹಾಗೇ ಅನ್ನುತ್ತಿದ್ದರು. ಅದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಅಂದಳು.

ಅಂದಿನಿಂದ ಒಂಬತ್ತು ವರ್ಷ ಒಂದೇ ಮೆಟ್ಟಿಲು, ಒಂದೇ ನಲ್ಲಿ, ಒಂದೇ ಅಂಗಳ. ನಾನು ಬಟ್ಟೆ ಒಣಹಾಕಿದರೆ ಆಕೆ ಮೇಲಿನಿಂದ ಚಿಂದಿ ಝಾಡಿಸುತ್ತಿದ್ದಳು. ಆಕೆಯ ಗಿರಾಕಿಗಳು ಬಂದರೆ ನಾನು ಅಂಗಳದ ಬಾಗಿಲಿಗೆ ಚಿಲಕ ಹಾಕಿರುತ್ತಿದ್ದೆ. ಯಾರು ಮೊದಲು ಮಾಡಿದ್ದು ಎಂದು ಈಗ ಕೇಳಿದರೆ... ನೆನಪಿಲ್ಲ. ಆಕೆಯೇ ಇರಬೇಕು.

ನಾನು ಒಂದು ಆಫೀಸಿನಲ್ಲಿ ಟೈಪಿಸ್ಟ್. ಮಗಳ ಶಾಲೆ ಮಧ್ಯಾಹ್ನ ಒಂದಕ್ಕೆ ಬಿಡುತ್ತಿತ್ತು. ನಾವು ಗಂಡ ಹೆಂಡತಿ ಮನೆ ಸೇರುವುದು ಆರಕ್ಕೆ. ಪಕ್ಕದ ಮನೆಯಲ್ಲಿ ಕೀಲಿಕೈ ಕೊಟ್ಟಿಟ್ಟು, ಡಬ್ಬಿಯಲ್ಲಿ ರೊಟ್ಟಿ ಪಲ್ಯ ಇಟ್ಟು ಹೋಗುತ್ತಿದ್ದೆ. ಮಗಳು ಕೀಲಿ ತೆಗೆಯುತ್ತಲೇ ಇರಲಿಲ್ಲ. ಚೀಲ ಹೊತ್ತುಕೊಂಡೇ ಅಟ್ಟ ಹತ್ತುತ್ತಿದ್ದಳು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಟೇಲರ್ ಬಾಯಿ ಅವಳಿಗೆ ಕೊಂಕಣಿ ಕಲಿಸಿದಳು, ಗುಂಡಿ ಹಚ್ಚುವುದನ್ನು ಕಲಿಸಿದಳು, ತಲೆ ಬಾಚಿದಳು. ಒಂದು ಸಂಜೆ ಮಗಳನ್ನು ಎತ್ತಿಕೊಂಡರೆ ಬಾಯಿಂದ ಮೀನಿನ ವಾಸನೆ. ನಮ್ಮ ಮನೆಯಲ್ಲಿ ತತ್ತಿ ಕೂಡ ಒಳಗೆ ಬರುತ್ತಿರಲಿಲ್ಲ. ಕೂಸಿನ ಕಪಾಳಕ್ಕೆ ಹೊಡೆದೆ. ಆಮೇಲೆ ಮೆಟ್ಟಿಲು ಹತ್ತಿ, ಗಿರಾಕಿಗಳ ಮುಂದೆಯೇ ಬಾಯಿಗೆ ಬಂದದ್ದು ಅಂದೆ.

ಆಕೆ ಮಶಿನ್ ನಿಲ್ಲಿಸಿದಳು. ಮೊದಲ ಸಲ ನನ್ನ ಜೊತೆ ನೇರವಾಗಿ ಮಾತಾಡಿದಳು.

"ಹಸಿದು ಬಂದಿತ್ತು, ನಾನು ಉಣ್ಣುತ್ತಾ ಇದ್ದೆ, ಕೇಳ್ತು, ಕೊಟ್ಟೆ. ನಿನಗೆ ಅಷ್ಟು ಮಡಿ ಇದ್ರೆ ಮಗೂನ ನೀನೇ ನೋಡ್ಕೊ. ಹುಟ್ಟಿಸಿ ಹಾದಿ ಮೇಲೆ ಬಿಟ್ಟು ಹೋಗೂದು ಯಾಕೆ?"

ನಾನು ಕೆಳಗಿಳಿದು ಬಂದೆ. ಆಕೆ ಅಂದದ್ದು ನಿಜ, ಅದಕ್ಕೇ ಆಕೆಯನ್ನು ಎಂದೂ ಕ್ಷಮಿಸಲಿಲ್ಲ.

ಆ ವರ್ಷ ಬೇಸಿಗೆಗೆ ಮೊದಲು ಕಾರವಾರದಲ್ಲಿ ಆಕೆಯ ತಂಗಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಅಟ್ಟಕ್ಕೆ ಬೀಗ ಹಾಕಿ ಹೋದಳು. ಮೂರು ತಿಂಗಳಾದರೂ ಬರಲಿಲ್ಲ. ಒಂದು ಭಾನುವಾರ ಮಾಲಕರ ಅಳಿಯ ಒಂದು ಕಾಗದ ಹಿಡಿದು ನಮ್ಮ ಪಡಸಾಲೆಯಲ್ಲಿ ಬಂದು ಕೂತ. ಮೇಲಿನ ಬಾಡಿಗೆಯವಳು ಎರಡು ವರ್ಷದಿಂದ ಇಲ್ಲಿ ವಾಸವಿಲ್ಲ, ಅಟ್ಟ ಖಾಲಿ ಬಿದ್ದಿದೆ ಎಂದು ಅದರಲ್ಲಿತ್ತು. ಕೆಳಗೆ ನಮ್ಮ ಸಹಿಗೆ ಜಾಗ. ನಮ್ಮ ತಂಟೆಗೆ ಬರುವುದಿಲ್ಲ ಎಂದೂ ಅಳಿಯ ಮಾತು ಕೊಟ್ಟ.

ನಮ್ಮ ಯಜಮಾನರು ಓದಿ ಕಾಗದ ತಿರುಗಿ ಕೊಟ್ಟರು. "ಆಕಿ ಹೋಗಿ ಮೂರು ತಿಂಗಳಾತ್ರಿ. ಎರಡು ವರ್ಷ ಅಂತ ಬರದೀರಿ. ಸುಳ್ಳಿಗೆ ನಾ ಸಹಿ ಹಾಕಂಗಿಲ್ಲ."

"ಕೊಡ್ರಿ ಇಲ್ಲೆ, ನಾ ಹಾಕತೀನಿ," ಅಂದೆ.

ಯಜಮಾನರು ನನ್ನ ಕಡೆ ನೋಡಿದರು. ಎದ್ದು ಹೊರಗೆ ಹೋದರು. ನಾನು ಹಿಂದೆಮುಂದೆ ನೋಡದೆ ಸಹಿ ಹಾಕಿದೆ. ಇದನ್ನು ಸುಳ್ಳು ಹೇಳುವುದಿಲ್ಲ.

ಮೇ ತಿಂಗಳಲ್ಲಿ ಆಕೆ ಬಂದಳು. ಮಗಳು ಆಗ ರಜೆಗೆಂದು ಧಾರವಾಡದಲ್ಲಿ ನನ್ನ ಅವ್ವನ ಹತ್ತಿರ ಇದ್ದಳು. ತಂಗಿ ಸತ್ತಿದ್ದಳೆಂದು ಆಕೆಯ ಮುಖ ನೋಡಿದರೇ ತಿಳಿಯುತ್ತಿತ್ತು. ಅಟ್ಟಕ್ಕೆ ಬೇರೆ ಬೀಗ. ಮಶಿನ್ನು, ಟ್ರಂಕು, ಪಾತ್ರೆಗಳು ಹಿತ್ತಲಲ್ಲಿ. ಮಶಿನ್ನನ್ನು ಮಾತ್ರ ಯಜಮಾನರು ಎಳೆದು ಸೂರಿನ ಕೆಳಗೆ ನಿಲ್ಲಿಸಿದ್ದರು. ಆಕೆ ನನ್ನ ಬಾಗಿಲಿಗೆ ಬಂದು ನಿಂತಳು.

"ನೀನೇನೇ ಬರೆದು ಕೊಟ್ಟದ್ದು?"

"ಹೌದು," ಅಂದೆ.

ಬೇಡಿಕೊಂಡಾಳು ಎಂದು ಕಾದೆ. ಬೇಡಲಿಲ್ಲ. ಒಂದು ಟೆಂಪೊ ತಂದು ಸಾಮಾನು ಹೇರಿಕೊಂಡು ಬಂದರಿನ ಕಡೆಯ ಸಡಾಕ್ಕೆ, ಯಾರೋ ಸಂಬಂಧಿಕರ ಮನೆಗೆ ಹೋದಳು. ಆಮೇಲೆ ಕೇಸು ಹಾಕಿದಳು.

ಕೋರ್ಟಿನಲ್ಲಿ ಆಕೆಯ ವಕೀಲ ನನಗೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ. ಆ ಎರಡು ವರ್ಷ ಮಧ್ಯಾಹ್ನ ಒಂದರಿಂದ ಆರರವರೆಗೆ ನಿಮ್ಮ ಮಗಳನ್ನು ನೋಡಿಕೊಂಡವರು ಯಾರು? ಮೂರು ಸಲವೂ ಹೇಳಿದೆ: ಯಾರೂ ಇಲ್ಲ, ಒಬ್ಬಳೇ ಇರುತ್ತಿದ್ದಳು. ಅಷ್ಟು ಜನರ ಮುಂದೆ, ಏಳು ವರ್ಷದ ಕೂಸನ್ನು ಖಾಲಿ ಮನೆಯಲ್ಲಿ ಬಿಟ್ಟು ಹೋಗುವ ತಾಯಿ ನಾನು ಎಂದು ನಾನೇ ಬರೆಸಿದೆ. ಆಕೆ ಸೋಲಲಿ ಎಂದು ಅದನ್ನೂ ನುಂಗಿದೆ. ಆಕೆ ಸೋತಳು.

ಹೊರಗೆ ಮೆಟ್ಟಿಲ ಮೇಲೆ ಆಕೆ ನನ್ನನ್ನು ತಡೆದಳು. "ಮಗು ಕೇಳಿದ್ರೆ ನಾನು ಸತ್ತೆ ಅಂತ ಹೇಳು. ಸುಳ್ಳು ಹೇಳೂದು ನಿಂಗೆ ರೂಢಿ ಆಯ್ತಲ್ಲ."

ಅದಕ್ಕೂ ಮೊದಲೇ ನಾನು ಬೇರೊಂದು ಸುಳ್ಳು ಹೇಳಿಯಾಗಿತ್ತು. ರಜೆ ಮುಗಿಸಿ ಧಾರವಾಡದಿಂದ ಬಂದ ಮಗಳು ಖಾಲಿ ಅಟ್ಟದ ಬಾಗಿಲಿಗೆ ಹೋಗಿ ಕೂತಾಗ, "ಆಕಿ ತಾನಾಗೇ ಬಿಟ್ಟು ಹೋದಳು. ನಿನ್ನ ನೆನಪೂ ತಗೀಲಿಲ್ಲ," ಎಂದಿದ್ದೆ. ಎರಡು ವರ್ಷಕ್ಕೆ ಅದೇ ಅಳಿಯ ನಮ್ಮನ್ನೂ ಬಿಡಿಸಿದ. ನಾವು ಮಡಗಾಂವಿಗೆ ಹೋದೆವು. ಇನ್ನೂ ಹತ್ತು ಹನ್ನೆರಡು ವರ್ಷ ಬಿಟ್ಟು, ಸಡಾದಿಂದ ಕೆಲಸಕ್ಕೆ ಬರುತ್ತಿದ್ದ ನಮ್ಮ ಕಡೆಯ ಹೆಂಗಸೊಬ್ಬಳು ಆಕೆ ತೀರಿಕೊಂಡ ಸುದ್ದಿ ಹೇಳಿದಳು. ಕಡೆಕಡೆಗೆ ಕಣ್ಣು ಕಾಣದೆ ಹೊಲಿಗೆ ಬಿಟ್ಟಿದ್ದಳಂತೆ. ನಾನು ಅಕ್ಕಿ ಆರಿಸುತ್ತಿದ್ದೆ. ಆರಿಸುವುದನ್ನು ನಿಲ್ಲಿಸಲಿಲ್ಲ.

ಈಗ ಆ ಅಟ್ಟದಲ್ಲಿ ಬಿಳೀ ಗೋಡೆ, ಗಾಜಿನ ಬಾಗಿಲ ಬಚ್ಚಲು, ಹಂಚಿನ ನಡುವೆ ಬೆಳಕಿಂಡಿ. ಮಗಳು ಕಿಟಕಿಯ ಹತ್ತಿರ ನಿಂತು, ಇಲ್ಲೇ ನಮ್ಮ ಮಾವಶಿ ಕೂತು ಹೊಲಿಯುತ್ತಿದ್ದರು ಎಂದು ಏಜೆಂಟನಿಗೆ ಹಿಂದಿಯಲ್ಲಿ ಹೇಳಿದಳು. ಅವನು ನಕ್ಕ. ಇಲ್ಲ ಮೇಡಂ, ಇದು ಬರೀ ಸಾಮಾನಿಡುವ ಅಟ್ಟ, ಇಲ್ಲಿ ಯಾರೂ ಇರಲಿಲ್ಲ, ಕಾಗದಪತ್ರ ಎಲ್ಲಾ ಸ್ವಚ್ಛ ಇದೆ ಎಂದು ಫೈಲು ಬಿಚ್ಚಿ ಕೋರ್ಟಿನ ಹಳೇ ಆದೇಶದ ಪ್ರತಿ ಮಗಳ ಕೈಗಿಟ್ಟ.

ಮಗಳು ನಿಂತಲ್ಲೇ ಓದಿದಳು. ಒಂದು ಪುಟ ತಿರುವಿದಳು. ಮತ್ತೆ ಹಿಂದಕ್ಕೆ ತಿರುವಿದಳು.

"ಅವ್ವಾ, ಇದು ನಿನ್ನ ಹೆಸರು."

"ಹೌದು."

"ಮಾವಶಿ ಬಿಟ್ಟು ಹೋದರು ಅಂದಿದ್ದಿ ನೀ." ಆಕೆಯ ದನಿ ಏರಲಿಲ್ಲ. "ನನಗ ಒಂದು ಮಾತೂ ಹೇಳದ ಹೋದರು ಅಂತ ನಾ ಎಷ್ಟು ವರ್ಷ ಅವರ ಮ್ಯಾಲೆ ಸಿಟ್ಟು ಇಟಗೊಂಡಿದ್ದೆ, ಗೊತ್ತೈತೇನು ನಿನಗ? ಸಡಾದಾಗ ಒಮ್ಮೆ ಬಸ್‌ಸ್ಟ್ಯಾಂಡಿನ್ಯಾಗ ಕಂಡಿದ್ದರು. ಕಾಲೇಜಿಗಿದ್ದೆ ಆವಾಗ. ಕರದರು. ನಾ ಮಾರಿ ತಿರುವಿಕೊಂಡು ಬಸ್ ಹತ್ತಿಬಿಟ್ಟೆ."

ಇದು ನನಗೆ ಗೊತ್ತಿರಲಿಲ್ಲ.

ಇದಾಗಿ ಮೂರು ತಿಂಗಳು. ಅಟ್ಟವನ್ನು ಮುಂಬೈಯವರು ಯಾರೋ ಕೊಂಡರಂತೆ. ಮಗಳು ಫೋನ್ ಮಾಡುತ್ತಾಳೆ, ಗುಳಿಗೆ ತಗೊಂಡೆಯಾ ಎಂದು ಕೇಳುತ್ತಾಳೆ, ಇಡುತ್ತಾಳೆ. ಆ ಹೆಂಗಸನ್ನು ನಾನು ಈಗಲೂ ಒಳ್ಳೆಯವಳು ಎನ್ನಲಾರೆ. ಸೊಕ್ಕಿನವಳು, ಬಾಯಿ ಕೆಟ್ಟದ್ದು, ಎದುರಿಗೆ ಬಂದರೆ ಇವತ್ತೂ ಜಗಳವಾದೀತು. ಆದರೆ ಆಕೆ ಆ ಅಟ್ಟದ ಮೇಲೆ ಇದ್ದಳು. ಹತ್ತೊಂಬತ್ತು ವರ್ಷ ಇದ್ದಳು, ಮಧ್ಯಾಹ್ನ ಒಂದರಿಂದ ಆರರವರೆಗೆ ನನ್ನ ಮಗಳ ಜೊತೆ ಇದ್ದಳು. ಕೋರ್ಟಿನಲ್ಲಿ ಕೇಳಿದಾಗ ಇದನ್ನು ಹೇಳಲಿಲ್ಲ. ಈಗ ಕೇಳುವವರು ಯಾರೂ ಇಲ್ಲ.