ತೆಗೆದಿಟ್ಟ ಸ್ಪ್ರಿಂಗ್

ಮೂಡುಬಿದಿರೆಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸಿದವರು ಅನೇಕರಿದ್ದಾರೆ. ಅದನ್ನು ವಿದ್ಯಾರ್ಥಿಗಳ ಬೆರಳ ತುದಿಗೆ ಇಳಿಸಿಕೊಟ್ಟವರನ್ನು ನೆನೆದಾಗ ನನಗೆ ಮೊದಲು ನೆನಪಾಗುವ ಹೆಸರು ಶ್ರೀ ಸುಬ್ಬಯ್ಯನವರದು. ಅಧ್ಯಾಪನದ ಜೊತೆಗೆ, ಹಳೆಯ ರೇಡಿಯೊ ಮತ್ತು ಟೇಪ್ ರೆಕಾರ್ಡರುಗಳ ಸಡಿಲ ನಾಬ್‌ಗಳಿಗೆ ಹೊಸ ಸ್ಪ್ರಿಂಗ್ ಮಾಡಿ ಕೂರಿಸುವ ಕೆಲಸವನ್ನೂ ಅಷ್ಟೇ ಶ್ರದ್ಧೆಯಿಂದ ನಡೆಸಿಕೊಂಡು ಬಂದ ಅವರು ಈ ವರ್ಷ ನಿವೃತ್ತರಾಗಿ ಕಕ್ಕಿಂಜೆಯ ತಮ್ಮ ಮನೆಗೆ ಮರಳಿದ್ದಾರೆ.

ನಾನು ಅವರ ವಿದ್ಯಾರ್ಥಿನಿಯಾಗಿದ್ದಾಗ ಸ್ಥಿತಿಸ್ಥಾಪಕತೆಯ ಪಾಠಕ್ಕೆ ಅವರು ತಂದದ್ದು ಒಂದು ರೇಡಿಯೊ ನಾಬ್. ಅದರ ತೂತಿನೊಳಗೆ ಉಗುರಿನ ಚೂರಿನಷ್ಟು ಉಕ್ಕಿನ ಪಟ್ಟಿಯೊಂದು ಬಾಗಿ ಕುಳಿತಿರುತ್ತದೆ. ನಾಬ್ ಕೂರುವ ಶಾಫ್ಟನ್ನು, ಎಂದರೆ ರೇಡಿಯೊದಿಂದ ಹೊರಚಾಚಿದ ತಿರುಗುವ ದಂಡವನ್ನು, ಒತ್ತಿ ಹಿಡಿಯುವುದು ಅದೇ. ಅದು ಬಿದ್ದುಹೋದರೆ ನಾಬ್ ತಿರುಗುತ್ತದೆ, ಶಾಫ್ಟ್ ತಿರುಗುವುದಿಲ್ಲ. ನಮ್ಮ ಕಡೆ ಆ ಸಂದಿಗೆ ತೆಂಗಿನ ಗರಿಯ ಕಡ್ಡಿ ಸಿಗಿಸುವುದು ವಾಡಿಕೆ. ಮಳೆಗಾಲದಲ್ಲಿ ಕಡ್ಡಿ ಉಬ್ಬಿ ನಾಬನ್ನೇ ಸೀಳುತ್ತದೆ, ಬೇಸಗೆಯಲ್ಲಿ ಒಣಗಿ ಉದುರುತ್ತದೆ. "ಇದು ಸ್ಪ್ರಿಂಗ್ ಅಲ್ಲ ಮಾರಾಯ್ರೆ, ಬೆಣೆ! ಬೆಣೆಗೆ ಹಿಂದೆ ಬರ್ಲಿಕ್ಕೆ ಗೊತ್ತಿಲ್ಲ," ಎಂದು ನಗಿಸುತ್ತಲೇ, ಕೆಟ್ಟ ಟೈಮ್‌ಪೀಸಿನ ಸುರುಳಿಯಿಂದ ಪಟ್ಟಿ ಕತ್ತರಿಸಿ ಬಾಗಿಸಿ ತೋರಿಸಿದರು. ಪುಸ್ತಕದ ವ್ಯಾಖ್ಯೆ ನನಗೆ ಅರ್ಥವಾದದ್ದು ಅಂದು.

ಮುಂದೆ ಅವರದೇ ವಿಭಾಗದಲ್ಲಿ ಅಧ್ಯಾಪಕಿಯಾಗಿ ಸೇರಿದಾಗ, ಮೊದಮೊದಲು ನಾನು ಪಾಠದ ನಡುವೆ ತಡವರಿಸುತ್ತಿದ್ದುದನ್ನು ಕಂಡ ಅವರು, ಪ್ರಯೋಗಾಲಯದ ಹಿಂದಿನ ಬೆಂಚಿನಲ್ಲಿ ಯಾವುದೋ ನಾಬ್ ಉಜ್ಜುತ್ತಾ ಕುಳಿತಿರುತ್ತಿದ್ದರು. ಅವರಿದ್ದಾರೆ ಎಂಬುದೇ ಸಾಕಾಗುತ್ತಿತ್ತು. ಈಗ ಆ ಬೆಂಚಿನತ್ತ ನೋಡದೆ ಪಾಠ ಮಾಡುವುದನ್ನು ಕಲಿಯುತ್ತಿದ್ದೇನೆ.

ಅವರ ಸೇವೆಯ ಕೊನೆಯ ವರ್ಷ ಬಂಟ್ವಾಳದಿಂದ ಸಫಿಯಮ್ಮ ಎಂಬವರು ಮಗಳು ರಾಫಿಯಾಳೊಂದಿಗೆ ನಮ್ಮ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿದ್ದದ್ದು ಅವರ ಪತಿ ಅಬ್ದುಲ್ ಶುಕೂರ್ ಗಲ್ಫಿನಿಂದ ತಂದಿದ್ದ ರೇಡಿಯೊ. ಪತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಿಲಯ ತೋರಿಸುವ ಮುಳ್ಳು ಮಾತ್ರ ಪತಿ ಕೊನೆಗೆ ಕೇಳಿದ ನಿಲಯದಲ್ಲೇ ನಿಂತಿತ್ತು. ಅದನ್ನು ತಿರುಗಿಸುವ ನಾಬ್ ಸಡಿಲವಾಗಿ ಮೊಮ್ಮಕ್ಕಳ ಆಟಿಕೆಯಾಗಿತ್ತು.

"ಬಿಗಿ ಮಾಡಿ ಕೊಡಿ ಮಾಸ್ಟ್ರೆ. ಆದ್ರೆ ಮುಳ್ಳು ಅಲ್ಲಾಡ್ಬಾರ್ದು," ಎಂದರು ಸಫಿಯಮ್ಮ.

ನಾನು ಇಕ್ಕಳದಲ್ಲಿ ಶಾಫ್ಟ್ ಹಿಡಿದೆ. ಸುಬ್ಬಯ್ಯನವರು ಹೊಸ ಸ್ಪ್ರಿಂಗ್ ಇಟ್ಟು ನಾಬನ್ನು ನೇರವಾಗಿ ಒತ್ತಿದರು. ಮುಳ್ಳು ಕದಲಲಿಲ್ಲ. ರೇಡಿಯೊ ಹಾಕಿದಾಗ ಬಂದದ್ದು ಬರೀ ಗರಗರ ಸದ್ದು. ಆ ನಿಲಯ ಆಗಲೇ ಮುಚ್ಚಿಹೋಗಿತ್ತು. ಸಫಿಯಮ್ಮ ಅದನ್ನೇ ಕಿವಿಗೊಟ್ಟು ಕೇಳಿದರು.

"ಒಂದು ಹೇಳ್ಬೇಕು ಸಫಿಯಮ್ಮ," ಎಂದರು ಸುಬ್ಬಯ್ಯನವರು. "ಇಷ್ಟು ದಿನ ಮಕ್ಕಳು ತಿರುಗಿಸಿದ್ರೂ ಮುಳ್ಳು ಹೋಗ್ಲಿಲ್ಲ. ನಾಬ್ ಸಡಿಲ ಇತ್ತಲ್ಲ, ಅದಕ್ಕೆ. ಇನ್ನು ಯಾರು ತಿರುಗಿಸಿದ್ರೂ ಹೋಗ್ತದೆ."

ಸಫಿಯಮ್ಮ ನಾಬಿನತ್ತ ಚಾಚಿದ್ದ ಕೈಯನ್ನು ಹಿಂದೆಗೆದರು. "ಹಾಗಾದ್ರೆ ತೆಗೀರಿ ಅದನ್ನು."

"ಉಮ್ಮಾ! ಬಿಗಿ ಮಾಡ್ಲಿಕ್ಕೆ ಅಂತ ಬಸ್ಸಲ್ಲಿ ನಿಂತುಕೊಂಡು ಬಂದದ್ದು ನಾವು. ಈಗ ಸಡಿಲ ಮಾಡ್ಲಿಕ್ಕೆ ಹೇಳ್ತೀರಾ?" ಎಂದಳು ರಾಫಿಯಾ.

"ನೀನು ಸುಮ್ನಿರು. ನಿನ್ನ ಮಕ್ಕಳ ಕೈ ನೀನು ಹಿಡಿದುಕೊಳ್ತೀಯಾ?"

ಜೀವಮಾನವಿಡೀ ಸಡಿಲಾದದ್ದನ್ನು ಬಿಗಿಗೊಳಿಸಿದ್ದ ನಮ್ಮ ಗುರುಗಳು, ಕೂರಿಸಿದಷ್ಟೇ ಜತನದಿಂದ ಆ ಸ್ಪ್ರಿಂಗನ್ನು ಹೊರತೆಗೆದರು. "ಇದು ನಿಮ್ಮದೇ. ನನ್ನ ಹತ್ರ ಇರ್ಲಿ. ಬೇರೆ ಏನಾದ್ರೂ ಕೇಳುವ ಅಂತ ಅನಿಸಿದ ದಿನ ಬನ್ನಿ, ಹಾಕುವ."

ಸಫಿಯಮ್ಮ ಇನ್ನೂ ಬಂದಿಲ್ಲ. ಮೇಜು ಖಾಲಿ ಮಾಡುವ ದಿನ ಉಳಿದ ಸ್ಪ್ರಿಂಗುಗಳನ್ನೆಲ್ಲ ವಿಭಾಗಕ್ಕೆ ಬಿಟ್ಟ ಗುರುಗಳು, ಅದೊಂದನ್ನು ಕಿಸೆಯಲ್ಲಿಟ್ಟುಕೊಂಡು, ಬೆಳ್ತಂಗಡಿ ದಾಟಿ ಕಕ್ಕಿಂಜೆಗೆ ಬರುವ ದಾರಿಯನ್ನು ರಾಫಿಯಾಳಿಗೆ ಫೋನಿನಲ್ಲಿ ಹೇಳಿದರು. ಆ ತಾಯಿಗೆ ಮನಸ್ಸಾಗುವುದು ಬರುವ ವರ್ಷವೋ, ಇನ್ನೆಷ್ಟೋ ವರ್ಷಗಳ ಮೇಲೋ, ಯಾರು ಬಲ್ಲರು? ಅವರಿಗೆ ಅವಸರವಾಗದಿರಲಿ. ಅಲ್ಲಿಯವರೆಗೂ ನಮ್ಮ ಗುರುಗಳ ಕಣ್ಣು ನಿಚ್ಚಳವಾಗಿರಲಿ, ಕೈ ಕೆಲಸ ಮರೆಯದಿರಲಿ. ಸಫಿಯಮ್ಮ ಅಂಗಳಕ್ಕೆ ಬಂದ ದಿನ, ಅದು ಎಷ್ಟೇ ತಡವಾಗಿರಲಿ, "ಬನ್ನಿ" ಎನ್ನಲು ಅವರು ಮನೆಯಲ್ಲಿರಲಿ.