ಬೆಂಡೆಕಾಯಿ ಯಾರ ಹೊಟ್ಟೆಗೆ?

ಬಾಗಲಕೋಟೆಯ ನಮ್ಮ ಓಣಿಯ ಸಮಸ್ತ ಗೆಳೆಯರಿಗೆ ತಿಳಿಯಪಡಿಸುವುದೇನೆಂದರೆ, ಇಂದು ಮುಂಜಾನೆ ನಮ್ಮ ಅಡುಗೆಮನೆಯ ಮೇಲೆ ದಾಳಿಯಾಯಿತು.

ದಾಳಿ ಮಾಡಿದವರು ಪಕ್ಕದ ಮನೆಯ ಶಾಂತಕ್ಕ. ಕೈಯಲ್ಲಿ ಸಕ್ಕರೆ ಕೇಳುವ ಖಾಲಿ ಬಟ್ಟಲು, ಕಣ್ಣು ಮಾತ್ರ ನಮ್ಮ ಒಲೆಯ ಮೇಲೆ.

"ಖರೆ ಹೇಳ್ರಿ ವೈನಿ, ನಿಮ್ಮ ಈರಣ್ಣಗ ಏನ್ ತಿನಸ್ತೀರಿ? ಗಣಿತ ತಲಿಗೆ ಹತ್ತಲಿ ಅಂತ ನಮ್ಮ ಸಂಗಪ್ಪಗ ದಿನಾ ತುಪ್ಪದಾಗ ಬೆಂಡಿಕಾಯಿ ಹುರದು ಡಬ್ಬಿ ಕಟ್ಟತೇನಿ. ಆದ್ರೂ ಫೇಲ್! ಮೆಟ್ರಿಕ್ ಹೆಂಗ ಪಾಸಾಗ್ತಾನ?"

"ಕಟಕ ರೊಟ್ಟಿ, ಶೇಂಗಾ ಹಿಂಡಿ ರೀ," ಎಂದಳು ನನ್ನ ಹೆಂಡತಿ, ಚಟ್ನಿಪುಡಿಯ ಡಬ್ಬಿ ತೋರಿಸುತ್ತ.

"ಬರೇ ಹಿಂಡಿ ತಿಂದು ಗಣಿತದಾಗ ಫಸ್ಟ್ ಬರ್ತಾನ? ಮುಚ್ಚಿಡಬ್ಯಾಡ್ರಿ!" ಎನ್ನುತ್ತ ಶಾಂತಕ್ಕ ಪಾತ್ರೆಗಳ ಮುಚ್ಚಳ ಎತ್ತಿ ನೋಡಿಯೇ ಹೋದರು.

ಹಿಂಡಿಯ ಮೇಲೆ ನನಗೂ ಸಂಶಯ ಬಂತು. ಸಂಜೆ ಸಾಲಿಯಿಂದ ಬಂದ ಮಗನನ್ನು ಬಾಗಿಲಲ್ಲೇ ಹಿಡಿದು ಕೇಳಿದೆ.

"ಸಂಗ್ಯಾಗ ಬೆಂಡಿಕಾಯಿ ಅಂದ್ರ ವಾಕರಿಕೆ ಬರ್ತದಪ್ಪಾ. ದಿನಾ ಅವನ ಡಬ್ಬಿ ನಾ ತಿಂತೇನಿ, ನಂದು ಅವ ತಿಂತಾನ."

ಅಂದರೆ ಶಾಂತಕ್ಕನ ಔಷಧ ಸರಿಯಾಗಿಯೇ ನಾಟಿದೆ, ನಾಟಿದ್ದು ಮಾತ್ರ ಬೇರೆ ಹುಡುಗನಿಗೆ.

ಸೋಮವಾರ ಗಣಿತದ ಪರೀಕ್ಷೆ. ಅಲ್ಲಿಯವರೆಗೆ ಶಾಂತಕ್ಕನವರು ಎದುರಾದರೆ ದಯವಿಟ್ಟು ಮಳೆ, ಬೆಳೆ ಮಾತಾಡಿ ಮುಂದೆ ಹೋಗಿರಿ.