ಥಾನಾಸಿಸ್‌ನನ್ನು ವಿಚಾರಿಸಲು ಹೋದದ್ದು

2016ರ ಜೂನ್‌ನಲ್ಲಿ ಪರ್ತ್‌ನಲ್ಲಿ ಇಳಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಅಲ್ಲಿ ಅದು ಚಳಿಗಾಲ, ಫುಟ್‌ಬಾಲ್ ಪಂದ್ಯಗಳ ಕಾಲ. ಊರು ನೋಡಲು ಹೊರಟಿದ್ದೇನೆಂದು ಎಲ್ಲರಿಗೂ ಹೇಳಿದ್ದೆ. ನಿಜವಾಗಿ ಕಳಿಸಿದವಳು ನನ್ನ ಅಕ್ಕ. ಅವಳ ಮಗಳು ಸುಮನಾ ಅಲ್ಲಿನ ಗಣಿ ಕಂಪನಿಯೊಂದರಲ್ಲಿ ಭೂವಿಜ್ಞಾನಿ. ಥಾನಾಸಿಸ್ ಎಂಬ ಗ್ರೀಕ್ ಫುಟ್‌ಬಾಲ್ ಆಟಗಾರನನ್ನು ಮದುವೆಯಾಗುತ್ತೇನೆ ಎಂದಿದ್ದಳು. ನಮ್ಮಲ್ಲಿ ಗಂಡಿನ ವಿಷಯ ವಿಚಾರಿಸಿಕೊಂಡು ಬರುವುದು ಸೋದರಮಾವನ ಕೆಲಸ. "ಇದ್ದ ಕಡೆ ಕೇಳು, ಕೆಲಸ ಮಾಡಿದ ಕಡೆ ಕೇಳು," ಎಂದಿದ್ದಳು ಅಕ್ಕ. ಈ ಗಂಡು ಮೂರು ನಗರಗಳಲ್ಲಿ ಕೆಲಸ ಮಾಡಿದ್ದ.

ಪರ್ತ್‌ನ ಮೋರ್ಲಿ ಬಡಾವಣೆಯ ತನ್ನ ಮನೆಯಲ್ಲಿ ದೋಸೆ ಹುಯ್ಯುತ್ತ ಸುಮನಾ ಅವನ ಕಥೆ ಹೇಳಿದಳು. ಹುಟ್ಟಿದ್ದು ವೋಲೋಸ್ ಎಂಬ ಬಂದರು ಊರಿನಲ್ಲಿ. ಚಿಕ್ಕಂದಿನಿಂದ ಡಿಫೆಂಡರ್, ಎದುರಾಳಿ ಗೋಲಿನ ಹತ್ತಿರ ಬಾರದಂತೆ ತಡೆಯುವವನು. ಅಲ್ಲಿನ ಎರಡನೇ ದರ್ಜೆಯ ತಂಡಗಳಲ್ಲಿ ಆಡಿದ. ದೇಶದ ಹಣಕಾಸು ಕುಸಿದು ಸಂಬಳ ನಿಂತಾಗ ಪರ್ತ್‌ಗೆ ಬಂದ. ಆಮೇಲೆ ಬ್ರಿಸ್ಬೇನ್. ಈಗ ಅಡಿಲೇಡ್.

"ಬ್ರಿಸ್ಬೇನ್ ತಂಡವನ್ನು ಸೀಸನ್ ಮಧ್ಯದಲ್ಲೇ ಬಿಟ್ಟನಂತಲ್ಲ, ಯಾಕೆ?"

"ಅಲ್ಲಿ ಸೆಟ್ ಆಗ್ಲಿಲ್ಲ ಮಾಮ. ಇನ್ನೊಂದು ದೋಸೆ ಹಾಕ್ಲಾ?"

ಬೇಡವೆಂದೆ. ಆದರೂ ಹಾಕಿದಳು. ನನಗೆ ಅನುಮಾನ ಹುಟ್ಟಿದ್ದು ಆ ದೋಸೆಯಿಂದ.

ಮರುದಿನ ರೈಲಿನಲ್ಲಿ ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ಗೆ ಹೋದೆ. ಅವನ ಹಳೆಯ ತಂಡದ ಮೈದಾನದಲ್ಲಿ ಮುದುಕನೊಬ್ಬ ಮಾಂಸ ಸುಡುವ ಒಲೆ ಉಜ್ಜುತ್ತಿದ್ದ. ಥಾನಾಸಿಸ್ ಹೆಸರು ಹೇಳಿದ್ದಕ್ಕೆ ತನ್ನ ಹಣೆ ಬಡಿದುಕೊಂಡು ನಕ್ಕ. "ಆ ತಲೆಗೆ ತಗುಲಿದ ಚೆಂಡು ಮತ್ತೆ ನಮ್ಮ ಗೋಲಿನ ಕಡೆ ಬರುತ್ತಿರಲಿಲ್ಲ ಸ್ವಾಮಿ. ನೀವು ಪೊಲೀಸಿನವರಾ?" ಅಲ್ಲ, ಹುಡುಗಿಯ ಮಾವ ಎಂದೆ. "ಹಾಗಾದರೆ ಪೊಲೀಸರಿಗಿಂತ ಕಷ್ಟ," ಎಂದ.

ಬ್ರಿಸ್ಬೇನ್‌ಗೆ ವಿಮಾನದಲ್ಲಿ ನಾಲ್ಕು ಗಂಟೆಗೂ ಹೆಚ್ಚು ದಾರಿ. ಅಲ್ಲಿ ಹವೆ ಬೆಚ್ಚಗಿತ್ತು. ಅವನು ಬಾಡಿಗೆಗಿದ್ದ ಮನೆಯ ಒಡತಿ ಗ್ರೀಕ್ ವಿಧವೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದನ್ನು ತಟ್ಟೆ ತುಂಬ ಇಟ್ಟು ಎದುರು ಕುಳಿತಳು.

"ಒಳ್ಳೆಯ ಹುಡುಗ. ಆದರೆ ಪಂದ್ಯ ಮುಗಿಸಿ ಬಂದ ದಿನ ಪಕ್ಕದ ಮನೆಯ ಬಾಗಿಲಿಗೆ ಬೀಗದ ಕೈ ಹಾಕುತ್ತಿದ್ದ. ಒಂದು ಸಲವಲ್ಲ." ಹೆಬ್ಬೆರಳನ್ನು ಬಾಯಿಗೆ ತೋರಿಸಿ ಕತ್ತು ಹಿಂದಕ್ಕೆ ಬಾಗಿಸಿದಳು.

ಫೋನಿನಲ್ಲಿ ಅಕ್ಕನಿಗೆ ಅಷ್ಟು ಸಾಕಾಯಿತು. "ಕುಡಿತಾನೆ ಕಣೋ. ಇನ್ನೇನು ವಿಚಾರಿಸ್ತೀಯ, ವಾಪಸ್ ಬಾ."

ಕಣ್ಣಾರೆ ನೋಡಿ ಬರುತ್ತೇನೆ ಎಂದೆ. ಅಡಿಲೇಡ್‌ಗೆ ಸುಮನಾ ವಾರದ ಕೊನೆಗೆಂದು ಮೊದಲೇ ಬಂದಿದ್ದಳು. ಶುಕ್ರವಾರ ಸಂಜೆ ಥಾನಾಸಿಸ್‌ನ ಮನೆಯಲ್ಲೇ ಊಟ. ಎತ್ತರದ ಆಳು, ಹುಬ್ಬಿನ ಮೇಲೆ ಹೊಲಿಗೆಯ ಗುರುತು. ನಾನು ಮಾಂಸ ತಿನ್ನುವುದಿಲ್ಲವೆಂದು ಬೇಳೆಯ ಸೂಪು ಮಾಡಿದ್ದ. ವೋಲೋಸ್‌ನಲ್ಲಿ ಅಪ್ಪ ಹಡಗಿನ ಮೂಟೆ ಇಳಿಸುತ್ತಿದ್ದುದನ್ನು ಹೇಳಿದ. ಮೇಜಿನ ಮೇಲೆ ವೈನ್ ಇರಲಿಲ್ಲ. ಅದೇ ನನಗೆ ಅತಿಯಾಗಿ ಕಂಡಿತು. ಅವನು ಒಳಗೆ ಹೋದಾಗ ಅವನ ಲೋಟ ಮೂಸಿ ನೋಡಿದೆ. ನೀರು.

"ಮಾಮ!" ಎಂದಳು ಸುಮನಾ.

ಮರುದಿನ ಮಧ್ಯಾಹ್ನ ಪಂದ್ಯ. ತಣ್ಣನೆ ಗಾಳಿ ಬೀಸುತ್ತಿತ್ತು. ಮೈದಾನದ ಮೂಲೆಯಿಂದ ಬಂದ ಚೆಂಡಿಗೆ ಥಾನಾಸಿಸ್ ಮತ್ತು ಎದುರಾಳಿಯೊಬ್ಬ ಒಟ್ಟಿಗೆ ಹಾರಿದರು. ತಲೆಗೆ ತಲೆ ತಗುಲಿದ ಸದ್ದು ನಾನು ಕುಳಿತ ಬೆಂಚಿನವರೆಗೂ ಕೇಳಿಸಿತು. ಅವನು ಬಿದ್ದ, ಎದ್ದ, ಹೆಬ್ಬೆರಳು ಎತ್ತಿ ತೋರಿಸಿದ. ಕೊನೆಯವರೆಗೂ ಆಡಿದ, ಒಂದು ಚೆಂಡನ್ನೂ ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಟ ಮುಗಿದ ಮೇಲೆ ಬೇಲಿಯ ಹತ್ತಿರ ಬಂದು ನಗುತ್ತ ನನ್ನ ಕೈ ಹಿಡಿದ. "ಸುಮನಾಳ ಮಾವ ಅಲ್ಲವೇ? ಯಾವಾಗ ಬಂದಿರಿ? ಇವತ್ತು ನಮ್ಮ ಮನೆಯಲ್ಲೇ ಊಟ ಮಾಡಬೇಕು."

ನಾನು ಬೇಲಿಯ ಕಂಬಿ ಹಿಡಿದುಕೊಂಡೆ. ಸುಮನಾ ಅವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ನಿನಗೆ ಗೊತ್ತಿತ್ತಾ?" ಎಂದೆ ಕನ್ನಡದಲ್ಲಿ.

"ಹ್ಞೂಂ. ಬ್ರಿಸ್ಬೇನ್‌ನಲ್ಲಿ ಡಾಕ್ಟರ್ ಆಡ್ಬೇಡ ಅಂದಿದ್ರು. ಅದಕ್ಕೇ ಬಿಟ್ಟು ಇಲ್ಲಿಗೆ ಬಂದ, ಇಲ್ಲಿ ಯಾರಿಗೂ ಹೇಳಿಲ್ಲ. ನಾನು ಹೇಳಿದ್ರೆ ಜಗಳ. ಅವರಲ್ಲೂ ಮಾವ ಅಂದ್ರೆ ಮರ್ಯಾದೆ ಜಾಸ್ತಿ. ನೀವು ಹೇಳಿ."

ಹಾಗಾದರೆ ಇವಳು ಬ್ರಿಸ್ಬೇನ್ ವಿಷಯ ಬೇಕೆಂದೇ ಮುಚ್ಚಿಟ್ಟು, ನಾನೇ ಇಲ್ಲಿಗೆ ಬಂದು ನೋಡುವಂತೆ ಮಾಡಿದ್ದಳು. ಸಿಟ್ಟು ಬಂತು. ಆದರೂ ಅವನಿಗೆ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ: "ನಿನ್ನೆ ಸಂಜೆ ನಾವು ಒಟ್ಟಿಗೆ ಊಟ ಮಾಡಿದೆವು. ಬೇಳೆಯ ಸೂಪು." ಅವನು ನಕ್ಕು ಸುಮನಾಳ ಕಡೆ ತಿರುಗಿದ. ಅವಳು ನಗಲಿಲ್ಲ. ಅವನು ಹುಲ್ಲಿನ ಮೇಲೆ ಕುಳಿತುಬಿಟ್ಟ.

ಆಸ್ಪತ್ರೆಯ ಡಾಕ್ಟರ್ ಮುಚ್ಚಿಡಲಿಲ್ಲ. ಇನ್ನು ಆಡಬಾರದು, ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯವಾಗಬಹುದು. ಹೊರಗಿನ ಕಾರಿಡಾರಿನಲ್ಲಿ ಥಾನಾಸಿಸ್ ನನ್ನನ್ನು ಕೇಳಿದ: "ನನಗೆ ಬೇರೆ ಕೆಲಸ ಗೊತ್ತಿಲ್ಲ. ಆಟವಿಲ್ಲದವನಿಗೆ ನಿಮ್ಮ ಹುಡುಗಿಯನ್ನು ಕೊಡುತ್ತೀರಾ?"

"ಕೊಡೋಕೆ ನಾನೇನು ಟ್ರೋಫಿನಾ?" ಎಂದಳು ಸುಮನಾ, ಕನ್ನಡದಲ್ಲೂ ಆಮೇಲೆ ಇಂಗ್ಲಿಷಿನಲ್ಲೂ.

ನಾನು ಅಕ್ಕನಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. ಕುಡಿಯುವುದಿಲ್ಲ. ತಲೆಗೆ ಪೆಟ್ಟಾಗಿದೆ. ಇನ್ನು ಆಡುವುದಿಲ್ಲ ಎಂದಿದ್ದಾನೆ. ಕೆಲಸ ಸದ್ಯಕ್ಕಿಲ್ಲ.

"ನೀನು ಏನಂತೀಯ?"

"ಆಡದೆ ಇದ್ದರೆ ಒಪ್ಪಬಹುದು," ಎಂದೆ.

ಭಾನುವಾರ ಇಬ್ಬರೂ ವಿಮಾನ ನಿಲ್ದಾಣಕ್ಕೆ ಬಂದರು. ಕಾರು ಓಡಿಸಿದವಳು ಸುಮನಾ. ನನ್ನ ಪೆಟ್ಟಿಗೆ ತೆಗೆಯಲು ಡಿಕ್ಕಿ ಎತ್ತಿದಾಗ ಮೂಲೆಯಲ್ಲಿ ಅವನ ಆಟದ ಚೀಲ ಕಂಡಿತು. ಅದರೊಳಗಿನ ಬೂಟುಗಳಿಗೆ ಮೆತ್ತಿದ ಮಣ್ಣನ್ನು ಯಾರೋ ತೊಳೆದಿದ್ದರು, ಮುಂದಿನ ಪಂದ್ಯಕ್ಕೆಂಬಂತೆ. ನಾನು ಸುಮನಾಳ ಕಡೆ ನೋಡಿ ಬಾಯಿ ತೆರೆದೆ.

"ನೋಡ್ದೆ ಮಾಮ," ಎಂದಳು ತಗ್ಗಿದ ದನಿಯಲ್ಲಿ. "ನೀವು ಹೊರಡಿ."

ಗಾಜಿನ ಬಾಗಿಲು ದಾಟಿ ತಿರುಗಿ ನೋಡಿದೆ. ಥಾನಾಸಿಸ್ ಕೈ ಬೀಸುತ್ತಿದ್ದ. ಸುಮನಾ ಆ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ಅವನ ಜೇಬಿನ ಕಡೆ ಬೆರಳು ತೋರಿಸುತ್ತ ನಿಂತಿದ್ದಳು. ಅವನು ಜೇಬಿನಿಂದ ಫೋನ್ ತೆಗೆದ. ಇನ್ನು ಆಡುವುದಿಲ್ಲವೆಂದು ತಂಡದವರಿಗೆ ತನ್ನ ಎದುರೇ ಹೇಳಲಿ ಎಂದು ಅವಳು ಹಟ ಹಿಡಿದಿರಬೇಕು. ಅವನು ಫೋನನ್ನು ಕಿವಿಗೆ ಇಟ್ಟುಕೊಳ್ಳುವವರೆಗೂ ನಾನು ಅಲ್ಲೇ ನಿಂತಿದ್ದೆ.